ಮೂರನೇ ಜೋಡಿ ಗೇರು ಕೂಡಿಸಿ ಸಣ್ಣ ಲೇತಿನ ಫೀಡ್ ಇಳಿಸಿದ ನನ್ನ ಅನುಭವ

ಗೇರ್ ಬಾಕ್ಸ್ ಇಲ್ಲದ ಮೂರಡಿ ಬೆಡ್ಡಿನ ಲೇತಿನಲ್ಲಿ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) 0.05 ಮಿ.ಮೀ. ಫೀಡ್ ಪಡೆಯುವುದು, ಅಂದರೆ ತುಂಡು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಅಷ್ಟೇ ಸರಿಯುವಂತೆ ಮಾಡುವುದು, ಆಗದ ಕೆಲಸವೆಂದು ಕುಂಬಳೆಯಿಂದ ಮಂಗಳೂರಿನವರೆಗೆ ನಾನು ವಿಚಾರಿಸಿದ ಟರ್ನರುಗಳೆಲ್ಲರೂ ಹೇಳಿದ್ದರು. ಬದಿಯಡ್ಕದ ನನ್ನ ವರ್ಕ್‌ಶಾಪಿನಲ್ಲಿ ಕಳೆದ ಮಳೆಗಾಲದಿಂದ ಅದೇ ಫೀಡಿನಲ್ಲಿ ಕೆಲಸ ನಡೆಯುತ್ತಿದೆ. ಗೇರಿನ ಒಂದು ಹಲ್ಲೂ ಮುರಿದಿಲ್ಲ.

ನಮ್ಮ ಕಡೆ ಇದರ ಅಗತ್ಯ ಹುಟ್ಟುವುದು ಅಡಕೆ ತೋಟದಿಂದ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತು ಸಾದಾ ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣದ ತರಿ ಮದ್ದಿನ ಪಂಪಿನ ಪ್ಲಂಜರನ್ನು (ಒಳಗೆ ಹಿಂದೆ ಮುಂದೆ ಓಡುವ ದಂಡ) ಗೀರುತ್ತದೆ. ಆದ್ದರಿಂದ ಪ್ಲಂಜರನ್ನು 304 ದರ್ಜೆಯ ಸ್ಟೇನ್‌ಲೆಸ್ಸಿನಲ್ಲೇ ಮಾಡಬೇಕು, ಮೈ ನಯವಾಗಿಯೂ ಇರಬೇಕು. ದೊರಗು ಉಳಿದರೆ ಅದರ ಸುತ್ತ ಸೋರದಂತೆ ಹಿಡಿಯುವ ಪ್ಯಾಕಿಂಗ್ ಬೇಗ ಹರಿದುಹೋಗುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಟ್ಟು, ನಲವತ್ತು-ನಲವತ್ತೈದು ದಿನ ಕಳೆದು ಇನ್ನೊಮ್ಮೆ ಬಿಡುವಷ್ಟರಲ್ಲಿ ಪಂಪು ಸೋರುವುದಕ್ಕೆ ಬಹುಪಾಲು ಇದೇ ಕಾರಣ.

ನನ್ನ ಲೇತಿನ ಲೀಡ್ ಸ್ಕ್ರೂ (ಟೂಲನ್ನು ಸರಿಸುವ ಉದ್ದದ ತಿರುಪು) ಇಂಚಿಗೆ ನಾಲ್ಕು ಎಳೆಯದು, ಅಂದರೆ ಒಂದು ಸುತ್ತಿಗೆ 6.35 ಮಿ.ಮೀ. ಸರಿಸುವ ಪಿಚ್. ತುಂಡನ್ನು ತಿರುಗಿಸುವ ಸ್ಪಿಂಡಲಿನಿಂದ ಈ ಸ್ಕ್ರೂವಿಗೆ ತಿರುಗು ಒಯ್ಯುವ ಗೇರುಗಳು 1.5 ಮಾಡ್ಯೂಲಿನವು (ಹಲ್ಲಿನ ಅಳತೆ). ಇದ್ದ ಸೆಟ್ಟಿನಲ್ಲಿ 20 ಹಲ್ಲಿನ ಗೇರಿಗೆ 100 ಹಲ್ಲಿನದು, ಇನ್ನೊಂದು 20ಕ್ಕೆ 120 ಹಾಕಿದರೆ ಸ್ಕ್ರೂವಿಗೆ ಸ್ಪಿಂಡಲಿನ ಸುತ್ತಿನ ಮೂವತ್ತರಲ್ಲೊಂದು ಪಾಲು ಬರುತ್ತದೆ, ಫೀಡ್ 0.21ಕ್ಕೆ ನಿಲ್ಲುತ್ತದೆ. ಆ ಫೀಡಿನಲ್ಲಿ ಕಡೆದ ಪ್ಲಂಜರನ್ನು ಉಗುರಿನಿಂದ ಸವರಿದರೆ ಎಳೆ ಎಳೆಯಾಗಿ ತಾಗುತ್ತಿತ್ತು. ಅದನ್ನು ಗ್ರೈಂಡಿಂಗಿಗೆ ಮಂಗಳೂರಿಗೆ ಕಳುಹಿಸಿದರೆ ಬಸ್ಸಿನ ಖರ್ಚೂ ಸೇರಿ ಒಂದಕ್ಕೆ ಸುಮಾರು 300 ರೂಪಾಯಿ ಬೀಳುತ್ತಿತ್ತು, ತೋಟದವರು ಕಾಯುವುದು ಬೇರೆ.

ಮೊದಲು ನಾನು ಹಿಡಿದದ್ದು ವೈಪರ್ ಮೋಟಾರಿನ ದಾರಿ. ಕಾರಿನ 12 ವೋಲ್ಟಿನ ಹಳೆಯ ಮೋಟಾರನ್ನು ಲೀಡ್ ಸ್ಕ್ರೂವಿನ ಬಲತುದಿಗೆ ಜೋಡಿಸಿದೆ. ನನಗೆ ಬೇಕಾದದ್ದು ನಿಮಿಷಕ್ಕೆ ಮೂರು ಸುತ್ತು, ಮೋಟಾರು ತಿರುಗುವುದು ನಲವತ್ತರ ಮೇಲೆ. ವೋಲ್ಟೇಜ್ ಇಳಿಸಿದಂತೆ ಬಲವೂ ಇಳಿದು ಸ್ಟೇನ್‌ಲೆಸ್ಸಿನ ಎದುರು ನಿಂತೇಬಿಡುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಸ್ಪಿಂಡಲಿನ ಬೆಲ್ಟು ಜಾರಿದರೂ ಟೂಲು ಮುಂದೆ ಹೋಗುತ್ತಲೇ ಇರುತ್ತದೆ. ಪವರ್ ಸಪ್ಲೈ, ಕಂಟ್ರೋಲರ್ ಎಲ್ಲ ಸೇರಿ 2,500 ರೂಪಾಯಿಯಷ್ಟು ಅದರಲ್ಲಿ ಹೋಯಿತು. ಗೇರಿನ ಬದಲು ಹೊಲಿಗೆ ಮಿಷಿನಿನ ಚರ್ಮದ ಬೆಲ್ಟಿನಿಂದ ಮೊದಲ ಹಂತವನ್ನು ಓಡಿಸಿಯೂ ನೋಡಿದೆ. ಸದ್ದಿಲ್ಲದೆ ಚೆನ್ನಾಗಿಯೇ ಓಡಿತು, ಆದರೆ ಎಣ್ಣೆ ಹಾರಿದ ಮೇಲೆ ಜಾರತೊಡಗಿತು.

ಕೊನೆಗೆ ಗೇರಿನ ದಾರಿಗೇ ಮರಳಿದೆ. 25ರ ಗೇರು ಸೆಟ್ಟಿನಲ್ಲೇ ಇತ್ತು, ಇನ್ನೊಂದು 100 ಮಾತ್ರ ಬೇಕಿತ್ತು. 20ಕ್ಕೆ 100, 25ಕ್ಕೆ 100, 20ಕ್ಕೆ 120 ಎಂದು ಮೂರು ಜೋಡಿಯಾದರೆ ನೂರಿಪ್ಪತ್ತರಲ್ಲೊಂದು ಪಾಲು, ಫೀಡ್ 0.053. "ಮೂರನೇ ಜೋಡಿ ಕೂಡಿಸಿದರೆ ಲೀಡ್ ಸ್ಕ್ರೂ ಸವೆದು ಹೋದೀತು ಮಾರಾಯ್ರೇ" ಎಂದು ಕುಂಬಳೆಯ ಹಿರಿಯ ಟರ್ನರೊಬ್ಬರು ಎಚ್ಚರಿಸಿದ್ದರು. ಆದರೆ ಟೂಲನ್ನು ಹೊತ್ತ ಕ್ಯಾರೇಜು ನೂರು ಮಿಲಿಮೀಟರ್ ಸರಿಯಬೇಕಾದರೆ ಫೀಡ್ ಯಾವುದೇ ಇರಲಿ, ಸ್ಕ್ರೂ ತಿರುಗುವುದು ಹದಿನಾರು ಸುತ್ತಿಗಿಂತ ತುಸು ಕಡಿಮೆಯೇ. ಈ ಲೆಕ್ಕವನ್ನು ತೋರಿಸಿದ ಮೇಲೆ ಅವರೂ ಒಪ್ಪಿದರು.

ನಿಜವಾದ ಕಷ್ಟವಿದ್ದದ್ದು ಜಾಗದಲ್ಲಿ. ಗೇರುಗಳನ್ನು ಹೊರುವ ಚೌಕಟ್ಟಾದ ಕ್ವಾಡ್ರಂಟಿನ ಸೀಳಿನಲ್ಲಿ ಎರಡನೇ ಸ್ಟಡ್ಡಿಗೆ (ಗೇರು ಕೂರುವ ಗೂಟ) ಎಡೆಯಿರಲಿಲ್ಲವಾದ್ದರಿಂದ 12 ಮಿ.ಮೀ. ಪ್ಲೇಟಿನಲ್ಲಿ ಸೀಳಿರುವ ಒಂದು ತೋಳನ್ನು ಮಾಡಿ ಬೋಲ್ಟು ಹಾಕಿ ಬಿಗಿದೆ. ಪ್ಲೇಟು ಇದಕ್ಕಿಂತ ತೆಳುವಾದರೆ ನಡುಗುತ್ತದೆ. ಗೇರುಗಳು ಈಗ ಮೂರು ಸಾಲಿನಲ್ಲಿ ಕೂರುವುದರಿಂದ ಲೀಡ್ ಸ್ಕ್ರೂವಿನ 120 ಒಂದು ಗೇರಿನ ದಪ್ಪದಷ್ಟು ಹೊರಗೆ ಬರಬೇಕು. ಅದರ ಹಿಂದೆ ಸ್ಪೇಸರ್ ಹಾಕಿ, ಗೇರನ್ನು ಸ್ಕ್ರೂವಿಗೆ ಕಚ್ಚಿಸುವ ಉದ್ದದ ಕೀ ಕೊಡಬೇಕು. ಮೊದಲ ಸ್ಟಡ್ಡಿನ ತುದಿಯಲ್ಲಿದ್ದ ನಟ್ಟು ಈ 120ರ ಬೆನ್ನಿಗೆ ಉಜ್ಜುತ್ತಿತ್ತು. ಅದನ್ನು ತೆಗೆದು ಸ್ಟಡ್ಡನ್ನು ಗಿಡ್ಡ ಮಾಡಿ ಸರ್ಕ್ಲಿಪ್ (ತೆಳು ಸ್ಪ್ರಿಂಗ್ ಉಂಗುರ) ಕೂರಿಸಿದೆ. ಹಲ್ಲಿಗೆ ಹಲ್ಲು ಕೂಡುವ ಜಾಗ, ಅಂದರೆ ಮೆಶ್, ಒಂದು ಹೆಚ್ಚಾದ ಕಾರಣ ಕ್ಯಾರೇಜು ಹಿಂದಕ್ಕೆ ಹೋಗುತ್ತದೆ, ಅದಕ್ಕೆ ದಿಕ್ಕು ಬದಲಿಸುವ ಟಂಬ್ಲರ್ ಲಿವರನ್ನು ತಿರುಗಿಸಿದರೆ ಸಾಕು. ಗೇರಿನ ಮುಚ್ಚಳವನ್ನು ಮಾತ್ರ ತಗಡಿನಲ್ಲಿ ಹೊಸದಾಗಿ ಮಾಡಬೇಕಾಯಿತು. ಅದನ್ನು ತೆರೆದಿಟ್ಟು ಯಾರೂ ಕೆಲಸ ಮಾಡಬಾರದು.

ಹೊಸ 100ನ್ನು ಎರಕದ ಕಬ್ಬಿಣದಲ್ಲಿ ಕಡಿಸಲು ಮಂಗಳೂರಿನ ಬೈಕಂಪಾಡಿಯಲ್ಲಿ 1,900 ರೂಪಾಯಿಯಷ್ಟು ಕೇಳಿದರು, ನೈಲಾನಿನಲ್ಲಿ 700 ಆಯಿತು. ನೈಲಾನಿನದ್ದನ್ನೇ ತಂದು ಬೇಸಗೆಯಲ್ಲಿ ಹಲ್ಲುಗಳ ನಡುವೆ ಎಡೆಗಾಗಿ ಕಾಗದದ ಪಟ್ಟಿ ಇಟ್ಟು ಮೆಶ್ ಹೊಂದಿಸಿದ್ದೆ. ಆಷಾಢದ ಮಳೆ ಹಿಡಿದಾಗ ಗೇರು ಬಿಗಿಯಾಗಿ ಗೊರಗೊರ ಎನ್ನತೊಡಗಿತು. ನೈಲಾನು ಗಾಳಿಯ ತೇವ ಹೀರಿ ಉಬ್ಬುತ್ತದೆ, ನಮ್ಮ ಕಾಸರಗೋಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಈಗ ಮಳೆಗಾಲದಲ್ಲಿ ಕಾಗದವನ್ನು ಎರಡು ಮಡಿಕೆ ಮಾಡಿ ಹೊಂದಿಸುತ್ತೇನೆ. ಮುಂದಿನ ಹಂತಗಳಿಗೆ ಹೋದಂತೆ ಹಲ್ಲಿನ ಮೇಲಿನ ಭಾರ ಏರುವುದರಿಂದ ನೈಲಾನನ್ನು ಮೊದಲ ಜೋಡಿಯಲ್ಲೇ ಇಟ್ಟಿದ್ದೇನೆ. ತೋಳು, ಸ್ಟಡ್ಡು, ಗನ್‌ಮೆಟಲ್ ಬುಷ್, ಮುಚ್ಚಳ ಎಲ್ಲ ಸೇರಿ ಖರ್ಚು 3,000ದ ಆಸುಪಾಸಿನಲ್ಲಿ ಮುಗಿಯಿತು. ಗೇರ್ ಬಾಕ್ಸ್ ಇರುವ ಹಳೆಯ ಲೇತಿಗೆ ಒಂದೂವರೆ ಲಕ್ಷ ಕೇಳಿದ್ದರು.

ಈ ಪಾಲಿನಲ್ಲಿ ಲೀಡ್ ಸ್ಕ್ರೂವಿಗೆ ಬರುವ ಬಲ ಮೊದಲಿನ ನಾಲ್ಕು ಪಟ್ಟು. ಕ್ಯಾರೇಜು ತುಂಡನ್ನು ಹಿಡಿದು ತಿರುಗುವ ಚಕ್ಕಿಗೆ ತಾಗಿದರೂ ಮೋಟಾರಿಗೆ ಅದು ಗೊತ್ತಾಗುವುದೇ ಇಲ್ಲ. ಆದ್ದರಿಂದ 120ರ ಗೇರಿಗೆ ಆ ಉದ್ದದ ಸ್ಟೀಲ್ ಕೀ ಬದಲು ಮೂರು ಮಿಲಿಮೀಟರಿನ ಹಿತ್ತಾಳೆಯ ಪಿನ್ನು ಹಾಕಿದ್ದೇನೆ, ಅಡ್ಡಿ ಬಂದರೆ ಮೊದಲು ತುಂಡಾಗುವುದು ಅದು.

ಇನ್ನೂ ಇಳಿಸಿದರೆ ಹೇಗೆಂದು 0.026ರಲ್ಲಿಯೂ ನೋಡಿದೆ. ಸ್ಟೇನ್‌ಲೆಸ್ಸಿನಲ್ಲಿ ಅದು ಕೆಟ್ಟಿತು. ಅಷ್ಟು ಕಡಿಮೆ ಫೀಡಿನಲ್ಲಿ ಟೂಲು ಕಡಿಯದೆ ಉಜ್ಜುತ್ತದೆ, ಉಜ್ಜಿದ ಮೈ ಗಟ್ಟಿಯಾಗುತ್ತದೆ, ಹೊಳಪಿನ ನಡುವೆ ಮಬ್ಬು ಪಟ್ಟೆ ಏಳುತ್ತದೆ. ಹಿತ್ತಾಳೆಗೆ ಮಾತ್ರ ಚೆನ್ನಾಗಿ ಬಂತು. 304ಕ್ಕೆ 0.05ರ ಸುತ್ತಮುತ್ತ, ಕೊನೆಯ ಕಟ್ಟಿನ ಆಳ 0.15 ಮಿ.ಮೀ.ಗಿಂತ ಕಡಿಮೆಯಾಗದಂತೆ, 20 ಮಿ.ಮೀ. ವ್ಯಾಸಕ್ಕೆ 350 ಆರ್‌ಪಿಎಂ ಆಸುಪಾಸಿನಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲು ಎಂಬುದು ನನ್ನ ಪದ್ಧತಿ. ಟೂಲಿನ ಮೂಗನ್ನು ಕಲ್ಲಿನಲ್ಲಿ ತೀಡುವ ಬಗೆಯನ್ನೂ ಕೊಬ್ಬರಿ ಎಣ್ಣೆಗೆ ನಾನು ಬೆರೆಸುವುದೇನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ.

ತೊಂಬತ್ತು ಮಿಲಿಮೀಟರಿನ ಪ್ಲಂಜರಿಗೆ ಮೊದಲು ಒಂದೂಕಾಲು ನಿಮಿಷ ಸಾಕಾಗುತ್ತಿತ್ತು, ಈಗ ಐದು ನಿಮಿಷ ಹಿಡಿಯುತ್ತದೆ. ಆದರೂ ಗ್ರೈಂಡಿಂಗಿನ ಖರ್ಚು ಪೂರ್ತಿ ಉಳಿಯಿತು. ಕಳೆದ ಸಲ ನನ್ನಲ್ಲಿಂದ ಹೋದ ಪಂಪುಗಳಲ್ಲಿ ಎರಡನೇ ಮದ್ದಿಗೆ ಮೊದಲೇ ಪ್ಯಾಕಿಂಗ್ ಹೋಯಿತೆಂದು ಒಂದೂ ಮರಳಿ ಬರಲಿಲ್ಲ. ಥ್ರೆಡ್ ಕಡಿಯಬೇಕಾದಾಗ ಮೂರನೇ ಜೋಡಿಯನ್ನು ಬಿಚ್ಚಿಡಬೇಕಾಗುತ್ತದೆ. ಅದಕ್ಕೆ ಅರ್ಧ ಗಂಟೆ ಹಿಡಿಯುವುದರಿಂದ ಥ್ರೆಡ್ಡಿನ ಕೆಲಸಗಳನ್ನೆಲ್ಲ ಕೂಡಿಟ್ಟು ಒಂದೇ ದಿನ ಮುಗಿಸುತ್ತೇನೆ.