ಥಾಯ್ ಮಸಾಜ್ ಕಲಿಯೋಕೆ ಹೋದಾಗ ಇಡಾ ಪಿಂಗಳಾ ಸಿಕ್ಕಿದ್ದು

ನಾನು ಮೈಸೂರಲ್ಲಿ ಯೋಗ ಹೇಳ್ಕೊಡೋಳು. ಥಾಯ್ ಮಸಾಜ್ ಕಲಿಯೋಕೆ ಹೋಗ್ತೀನಿ ಅಂದಾಗ ಅಮ್ಮಂಗೆ ಸ್ವಲ್ಪನೂ ಇಷ್ಟ ಇರ್ಲಿಲ್ಲ, ಆ ಹೆಸರು ಕೇಳಿದ ತಕ್ಷಣ ನಮ್ಕಡೆ ಜನ ಬೇರೆ ಏನೋ ಅಂದ್ಕೋತಾರಲ್ಲ, ಅದಕ್ಕೆ. ಆದ್ರೆ ನಿಜವಾದ ಥಾಯ್ ಮಸಾಜ್, ಅವರ ಭಾಷೇಲಿ ನುವಾದ್ ಥಾಯ್, ಅಂದ್ರೆ ಮೈತುಂಬ ಸಡಿಲ ಬಟ್ಟೆ ಹಾಕ್ಕೊಂಡು ನೆಲದ ಮೇಲಿನ ಹಾಸಿಗೇಲಿ ಮಲಗೋದು, ಎಣ್ಣೆ ಇಲ್ಲ, ಒತ್ತೋದು ಎಳೆಯೋದು ಅಷ್ಟೇ.

ಮೊದಲು ಬ್ಯಾಂಕಾಕ್‌ನ ವಾಟ್ ಫೋ ದೇವಸ್ಥಾನಕ್ಕೆ ಹೋದೆ. ಅಲ್ಲಿ ಕಲ್ಲಿನ ಫಲಕಗಳ ಮೇಲೆ ಮನುಷ್ಯನ ಚಿತ್ರ ಕೆತ್ತಿ, ಮೈತುಂಬ ಗೆರೆ ಎಳೆದು ಎಲ್ಲೆಲ್ಲಿ ಒತ್ತಬೇಕು ಅಂತ ಗುರುತು ಮಾಡಿದಾರೆ, ಇಂಥವು 60 ಇವೆ. 1767ರಲ್ಲಿ ಬರ್ಮಾದವ್ರು ಆಗಿನ ರಾಜಧಾನಿ ಅಯುತ್ಥಯಾ ಸುಟ್ಟಾಗ ಎಷ್ಟೋ ವೈದ್ಯದ ಗ್ರಂಥ ಹೋಯ್ತು, ಉಳಿದದ್ದಾದ್ರೂ ಇರ್ಲಿ ಅಂತ ಥಾಯ್ ರಾಜ ಮೂರನೇ ರಾಮ 1830ರ ದಶಕದಲ್ಲಿ ಕಲ್ಲಲ್ಲಿ ಬರೆಸಿದ, ಯಾರು ಬೇಕಾದ್ರೂ ಬಂದು ಓದ್ಕೊಳ್ಳೋ ಹಾಗೆ. ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಕಲಿತದ್ದು ಚಿಯಾಂಗ್ ಮಾಯ್‌ನಲ್ಲಿ, ಎರಡು ವಾರ. ಅಲ್ಲಿ ಟೀಚರ್‌ನ ಖ್ರೂ ಅಂತಾರೆ, ನಮ್ಮ ಗುರು ಪದಾನೇ. ಬೆಳಿಗ್ಗೆ ಕೈಮುಗಿದು ಮಂತ್ರ ಹೇಳ್ತಾರೆ, ಅದರಲ್ಲಿ ಬರೋ ಹೆಸರು ಜೀವಕ, ಬುದ್ಧನ ವೈದ್ಯ, ರಾಜಗೃಹದವನು! ಅವನು ಥಾಯ್ಲೆಂಡಿಗೆ ಹೋಗಿದ್ದ ಅನ್ನೋಕೆ ದಾಖಲೆ ಇಲ್ಲ, ಆದ್ರೂ ಈ ವಿದ್ಯೆಗೆ ಮೂಲಗುರು ಅವನೇ ಅಂತ ಪೂಜೆ ಮಾಡ್ತಾರೆ. ಮೈಯೊಳಗೆ ಪ್ರಾಣ ಹರಿಯೋ ದಾರಿಗಳು ಅಂತ ನಂಬೋ ಹತ್ತು ಮುಖ್ಯ ನಾಡಿ, ಅವಕ್ಕೆ ಸೆನ್ ಅಂತಾರೆ, ಮೊದಲ ಮೂರು ಇತ್ಥಾ, ಪಿಂಗಖಲಾ, ಸುಮನಾ. ನಮ್ಮ ಯೋಗದ ನಾಡಿಗಳೇ, ಇಡಾ ಪಿಂಗಳಾ ಸುಷುಮ್ನಾ! ನಂಗೆ ಗೊತ್ತಿರೋದೇ ಅಂದ್ಕೊಂಡೆ, ಆದ್ರೆ ದಾರಿ ಬೇರೆ, ಅವರ ಇಡಾ ಹೊಕ್ಕಳ ಹತ್ರ ಶುರುವಾಗಿ ಎಡತೊಡೆಗೆ ಇಳಿದು ಬೆನ್ನು ಹತ್ತಿ ತಲೆಗೆ ಹೋಗಿ ಎಡ ಮೂಗಿಗೆ ಬರುತ್ತೆ.

ಮೂರನೇ ದಿನಕ್ಕೆ ನನ್ನ ಹೆಬ್ಬೆರಳು ಊದ್ಕೊಂಡಿತ್ತು. ಖ್ರೂ ನೋಡಿ ನೀನು ಬೆರಳಿಂದ ತಳ್ತಾ ಇದೀಯ ಅಂದ್ರು. ಬೆರಳ ತುದಿ ಅಲ್ಲ, ಮೆತ್ತಗಿರೋ ಭಾಗ ಇಡ್ಬೇಕು, ಮೊಣಕೈ ನೆಟ್ಟಗೆ, ಮಲಗಿರೋರು ಉಸಿರು ಬಿಡೋವಾಗ ಸೊಂಟದಿಂದ ಮುಂದಕ್ಕೆ ಒರಗ್ಬೇಕು, ಭಾರ ತಾನೇ ಇಳಿಯುತ್ತೆ. ಇದು ಕೈಗೆ ಬರೋಕೆ ಊರಿಗೆ ವಾಪಸ್ ಬಂದ್ಮೇಲೂ ನಾಕೈದು ತಿಂಗಳು ಹಿಡೀತು, ಅಮ್ಮನ ಮೀನಖಂಡದ ಮೇಲೇ ಪ್ರಾಕ್ಟೀಸ್ ಮಾಡಿದ್ದು.

2019ರಲ್ಲಿ ನುವಾದ್ ಥಾಯ್ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿದ್ಮೇಲೆ ಕೇಳ್ಕೊಂಡು ಬರೋರು ಜಾಸ್ತಿ ಆದ್ರು, ಖುಷಿ ಆಯ್ತು. ಆದ್ರೆ ಬಂದೋರಿಗೆಲ್ಲಾ ಎಲ್ಲಾನೂ ಮಾಡಲ್ಲ. ತೊಡೆಸಂದಿಲಿ ಅಂಗೈ ಇಟ್ಟು ಸ್ವಲ್ಪ ಹೊತ್ತು ರಕ್ತ ತಡೆದು ಬಿಡೋ ಒಂದು ಒತ್ತು ಇದೆ, ಬಿಪಿ, ಹಾರ್ಟ್ ಪ್ರಾಬ್ಲಂ, ವೆರಿಕೋಸ್ (ಕಾಲಿನ ರಕ್ತನಾಳ ಉಬ್ಬೋದು) ಇರೋರಿಗೆ, ಬಸುರಿಯರಿಗೆ, ಅದನ್ನ ಅವರೇ ಕೇಳಿದ್ರೂ ಮಾಡಲ್ಲ. ಡಿಸ್ಕ್ ಜಾರಿದೋರಿಗೆ ಬೆನ್ನು ತಿರುವೋದೂ ಇಲ್ಲ, ಕಾಲು ಪಾದ ಮಾತ್ರ ಒತ್ತಿ ಕಳಿಸ್ತೀನಿ.