ಹೆಗಲು ಸಡಿಲವಾಗಿದ್ದು ಸೊಂಟದಿಂದ: ನನ್ನ ಅನುಭವ

ನಾನು ಮೈಸೂರಿನಲ್ಲಿ ಪಿಟೀಲು ಹೇಳಿಕೊಡುತ್ತೇನೆ. ಕರ್ನಾಟಕ ಸಂಗೀತದಲ್ಲಿ ಪಿಟೀಲು ಹಿಡಿಯುವ ರೀತಿ ನೀವು ನೋಡಿರುತ್ತೀರಿ, ಅಲ್ವಾ? ನೆಲದ ಮೇಲೆ ಕೂತು, ಬಲಗಾಲನ್ನು ಸ್ವಲ್ಪ ಮುಂದೆ ಬಿಟ್ಟು, ವಾದ್ಯದ ಒಂದು ತುದಿಯನ್ನು ಆ ಪಾದಕ್ಕೆ ಆನಿಸುತ್ತೇವೆ. ಇನ್ನೊಂದು ತುದಿ ಎಡ ಹೆಗಲಿಗೂ ಎದೆಗೂ ನಡುವೆ. ಎರಡೂ ಕಡೆ ಆಸರೆ ಇರುವುದರಿಂದ ಎಡಗೈ ಹಿಡಿಯುವ ಕೆಲಸದಿಂದ ಬಿಡುಗಡೆಯಾಗಿ, ಗಮಕಕ್ಕೆ, ಅಂದರೆ ಸ್ವರವನ್ನು ಓಲಾಡಿಸುವುದಕ್ಕೆ, ಬೇಕಾದ ಹಾಗೆ ತಂತಿಯ ಮೇಲೆ ಜಾರುತ್ತದೆ. ಆದರೆ ಹಿಡಿಯುವ ಕೆಲಸವನ್ನು ಹೆಗಲು ಮೈಮೇಲೆ ಎಳೆದುಕೊಂಡರೆ ಕಷ್ಟ. ನನ್ನ ಎಡ ಹೆಗಲು ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಸಂಜೆಯ ಪಾಠ ಮುಗಿಯುವಷ್ಟರಲ್ಲಿ ಕಿವಿಯ ಕೆಳಗಿನಿಂದ ಹೆಗಲ ತುದಿಯವರೆಗೆ ಬಿಗಿದುಕೊಂಡಿರುತ್ತಿತ್ತು.

ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡರೆ ಆ ರಾತ್ರಿಗೆ ಹಾಯೆನಿಸುತ್ತಿತ್ತು, ಅಷ್ಟೇ. ನೆಟ್ಟಗೆ ಕೂರು ಅಂತ ಎಲ್ಲರೂ ಹೇಳುತ್ತಿದ್ದರು. ಹಟ ಹಿಡಿದು ನೆಟ್ಟಗೆ ಕೂತರೆ ಬೆನ್ನು ಬೇಗ ಸೋಲುತ್ತಿತ್ತು, ಉಸಿರು ಮೇಲೆಯೇ ನಿಲ್ಲುತ್ತಿತ್ತು.

ಆಗ ಗೆಳತಿಯೊಬ್ಬಳು ಫೆಲ್ಡನ್‌ಕ್ರೈಸ್ ಪಾಠದ ಬಗ್ಗೆ ಹೇಳಿದಳು. ಮೈ ಹೇಗೆ ಅಲ್ಲಾಡುತ್ತದೆ ಎಂದು ಗಮನಿಸುತ್ತಾ ಕಲಿಯುವ ಪದ್ಧತಿ ಅದು. ಮೋಶೆ ಫೆಲ್ಡನ್‌ಕ್ರೈಸ್ 1904ರಲ್ಲಿ ಈಗಿನ ಯುಕ್ರೇನಿನಲ್ಲಿ ಹುಟ್ಟಿದವರು. ಪ್ಯಾರಿಸ್‌ನಲ್ಲಿ ಭೌತಶಾಸ್ತ್ರ ಓದಿದರು, ಜೂಡೋ ಕಲಿತು ಕಲಿಸಿದರು. ಫುಟ್‌ಬಾಲ್ ಆಡುವಾಗ ಪೆಟ್ಟಾದ ಮಂಡಿಯ ಜೊತೆ ಹೇಗೆ ಬದುಕುವುದು ಎಂದು ತಮ್ಮ ನಡಿಗೆಯನ್ನೇ ಗಮನಿಸುತ್ತಾ ಹೋಗಿ ಈ ಪದ್ಧತಿ ಕಟ್ಟಿದರು. ಗುಂಪಿಗೆ ಮಾತಿನಲ್ಲೇ ಹೇಳಿಕೊಡುವ ಪಾಠಕ್ಕೆ ಅವೇರ್‌ನೆಸ್ ಥ್ರೂ ಮೂವ್‌ಮೆಂಟ್ (ಚಲನೆಯ ಮೂಲಕ ಅರಿವು) ಅಂತ ಹೆಸರು. ನಾನು ಕಲಿತಿದ್ದು ಅದನ್ನು, ಆನ್‌ಲೈನಿನಲ್ಲಿ, ಮನೆಯ ಜಮಖಾನದ ಮೇಲೆ ಮಲಗಿ.

ಮೊದಲು ವಿಚಿತ್ರ ಅನಿಸಿದ್ದು, ಯಾರೂ ಮಾಡಿ ತೋರಿಸುವುದಿಲ್ಲ. ಟೀಚರ್ ಹೇಳುತ್ತಾರೆ, ನಾವು ಕೇಳಿಸಿಕೊಂಡು ಹುಡುಕಬೇಕು. ಎಲ್ಲವೂ ಸಣ್ಣದಾಗಿ, ನಿಧಾನವಾಗಿ, ಎಳೆತ ಶುರುವಾಗುವ ಮೊದಲೇ ನಿಲ್ಲಿಸಬೇಕು. ಮಧ್ಯೆ ಮಧ್ಯೆ ಸುಮ್ನೆ ಮಲಗಿರಬೇಕು. ಅಕ್ಕಿ ಮೂಟೆ ಹೊತ್ತವನಿಗೆ ಅದರ ಮೇಲೆ ನಿಂಬೆಹಣ್ಣು ಇಟ್ಟರೆ ಗೊತ್ತಾಗುವುದಿಲ್ಲ, ಬರಿಗೈಯಲ್ಲಿ ಇಟ್ಟರೆ ತಕ್ಷಣ ಗೊತ್ತಾಗುತ್ತದೆ. ಬಲ ಕಡಿಮೆಯಾದಷ್ಟೂ ಸಣ್ಣ ವ್ಯತ್ಯಾಸ ಗಮನಕ್ಕೆ ಬರುತ್ತದೆ ಎನ್ನುವುದು ಈ ಪದ್ಧತಿಯ ಬುಡ.

ನನ್ನ ಹೆಗಲಿಗೆ ದಾರಿ ತೋರಿಸಿದ್ದು ಸೊಂಟದ ಗಡಿಯಾರ ಎಂಬ ಪಾಠ. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಬೇಕು. ಸೊಂಟದ ಕೆಳಗೆ ಒಂದು ಗಡಿಯಾರ ಇದೆ ಅಂದುಕೊಳ್ಳಿ. ಹೊಕ್ಕುಳಿನ ಕಡೆ 12, ಬಾಲದ ಮೂಳೆಯ ಕಡೆ 6, ಎರಡು ಪಕ್ಕಕ್ಕೆ 3 ಮತ್ತು 9. ಭಾರವನ್ನು 12ರ ಕಡೆ ಹೊರಳಿಸಿದರೆ ಬೆನ್ನಿನ ಕೆಳಭಾಗ ನೆಲಕ್ಕೆ ತಾಗುತ್ತದೆ. 6ರ ಕಡೆ ಹೋದರೆ ಅಲ್ಲಿ ಸಣ್ಣ ಸಂದು ಬೀಳುತ್ತದೆ. ಆಮೇಲೆ 3ರಿಂದ 9ಕ್ಕೆ. ಕೊನೆಗೆ ಒಂದೊಂದೇ ಗಂಟೆ ಮುಟ್ಟುತ್ತಾ ಇಡೀ ಸುತ್ತು.

ನನ್ನ ಸುತ್ತು ಒಂದು ಪಕ್ಕದಲ್ಲಿ ದುಂಡಗೆ ಹೋಗುತ್ತಿತ್ತು. ಇನ್ನೊಂದು ಪಕ್ಕದಲ್ಲಿ 4 ಬಂದ ಮೇಲೆ 5 ಸಿಗುತ್ತಲೇ ಇರಲಿಲ್ಲ, ನೇರ 6ಕ್ಕೆ ಜಿಗಿಯುತ್ತಿತ್ತು. ಆ ಜಾಗದಲ್ಲೇ ಉಸಿರು ಕಟ್ಟುತ್ತಿತ್ತು, ಹಲ್ಲು ಕಚ್ಚುತ್ತಿದ್ದೆ, ಎಡ ಹೆಗಲು ಕಿವಿಯ ಕಡೆ ಏರುತ್ತಿತ್ತು. ಮಲಗಿದ್ದೇನೆ, ಕೈಯಲ್ಲಿ ಪಿಟೀಲಿಲ್ಲ, ಆದರೂ ಹೆಗಲು ಏರುತ್ತಿದೆ! ಒತ್ತಾಯ ಮಾಡದೆ ಆ ಜಾಗವನ್ನು ಹಿಂದೆ ಮುಂದೆ ಸವರಿದ ಹಾಗೆ ಹೊರಳುತ್ತಾ ಇದ್ದೆ. ದಿನ ಕಳೆದ ಹಾಗೆ 5 ಸಿಕ್ಕಿತು. ಎದ್ದು ಕೂತಾಗ ಕೂರುವ ಮೂಳೆಗಳೆರಡೂ ನೆಲಕ್ಕೆ ಒಂದೇ ಸಮ ಊರಿದ್ದವು. ತಲೆ ಅದರ ಪಾಡಿಗೆ ಅದು ಮೇಲೆ ನಿಂತಿತ್ತು.

ಆಗ ಅರ್ಥವಾಯಿತು. ಒಂದು ಕಾಲು ಮುಂದೆ ಬಿಟ್ಟು ಕೂತಾಗ ನನ್ನ ಸೊಂಟ ಹಿಂದಕ್ಕೂ ಒಂದು ಪಕ್ಕಕ್ಕೂ ವಾಲುತ್ತಿತ್ತು. ಬೆನ್ನು ಗೂನಾಗಿ ಎದೆ ಕುಸಿಯುತ್ತಿತ್ತು. ವಾದ್ಯ ಜಾರದಂತೆ ತಡೆಯಲು ಹೆಗಲೊಂದೇ ಉಳಿಯುತ್ತಿತ್ತು. ಈಗ ಕೂರುವ ಮೂಳೆಯ ಕೆಳಗೆ ಕಂಬಳಿ ಮಡಚಿ ಹಾಕಿಕೊಳ್ಳುತ್ತೇನೆ. ಪಿಟೀಲು ಅಭ್ಯಾಸಕ್ಕೆ ಮೊದಲು ಗಡಿಯಾರದ ಒಂದೆರಡು ಸುತ್ತು ಮಾಡುತ್ತೇನೆ. ಕಮಾನು ಎಳೆಯುವಾಗ ಪಕ್ಕೆಲುಬು ಕೂಡ ಸ್ವಲ್ಪ ಅಲ್ಲಾಡುವುದು ಗೊತ್ತಾಗುತ್ತದೆ. ವರ್ಣ ಎಂಬ ರಚನೆಯನ್ನು ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ನುಡಿಸಿದ ಮೇಲೂ ಕತ್ತು ಸಲೀಸಾಗಿ ತಿರುಗುತ್ತದೆ. ಕಛೇರಿಗಳು ಒಂದರ ಹಿಂದೆ ಒಂದು ಬಂದ ವಾರ ಬಿಗಿತ ಮತ್ತೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲಿಂದ ಶುರುವಾಯಿತು ಅಂತ ಹುಡುಕಲು ಬರುತ್ತದೆ.

ಮೈಸೂರಲ್ಲಿದ್ದು ಯೋಗ ಬಿಟ್ಟು ಇದ್ಯಾಕೆ ಅಂತ ಜನ ಕೇಳುತ್ತಾರೆ. ಯೋಗ ಬಿಟ್ಟಿಲ್ಲ. ಆಸನದಲ್ಲಿ ತಲುಪಬೇಕಾದ ಒಂದು ರೂಪ ಇರುತ್ತದೆ, ನಾನು ಅದರ ಹಿಂದೆ ಓಡುತ್ತಿದ್ದೆ. ಇಲ್ಲಿ ತಲುಪುವ ರೂಪವೇ ಇಲ್ಲ. ನನಗೆ ಬೇಕಾಗಿದ್ದು ಅದೇ.

"ಮಿಸ್, ಇವನು ಗೂನು ಹಾಕ್ಕೊಂಡು ಕೂತ್ಕೋತಾನೆ, ಸ್ವಲ್ಪ ಹೇಳಿ" ಎಂದು ತಾಯಂದಿರು ಹೇಳುತ್ತಲೇ ಇರುತ್ತಾರೆ. ಮಕ್ಕಳಿಗೆ ಈಗ ಹೆಗಲು ಇಳಿಸು ಅನ್ನುವುದಿಲ್ಲ. ಪಿಟೀಲು ಪಕ್ಕಕ್ಕಿಡಿಸಿ, ಕೂತಲ್ಲೇ ಸೊಂಟವನ್ನು ಹಿಂದೆ ಮುಂದೆ ಸ್ವಲ್ಪ ಹೊರಳಿಸು ಅನ್ನುತ್ತೇನೆ. ಆಮೇಲೆ ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ. ಯಾರಾದರೂ ಕೈ ಜೋಮು ಹಿಡಿಯುತ್ತೆ, ಬೆರಳಿನ ಬಲ ಕಡಿಮೆಯಾಗಿದೆ ಅಂದರೆ ಮಾತ್ರ ಚಾಪೆ ಹಾಸುವುದಿಲ್ಲ, ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ.