ಹೃದಯಕ್ಕೆ ನೆಲ್ಲಿಕಾಯಿ ತಂಬುಳಿ: ಕುದಿಸಬೇಡಿ, ತಾಮ್ರಕ್ಕೆ ಹಾಕಬೇಡಿ

ನಮ್ಮ ಭಾವ ದೀಪಾವಳಿ ಮುಗಿದ ವಾರ ಒಂದು ಡಬ್ಬಿ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತಂದರು. ದಿನಾ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿಕೊಂಡು ಹೊಗೆ ಕುಡಿಯುವ ಮನುಷ್ಯ. ಹಾರ್ಟಿಗೆ ಒಳ್ಳೆಯದು ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಸರಿ, ಅದನ್ನು ನುಂಗಿದ್ದು ಯಾವುದರ ಜೊತೆ ಗೊತ್ತಾ? ಹಬ್ಬಕ್ಕೆ ಚಕ್ಕುಲಿ ಕರಿದು ಮಿಕ್ಕಿದ್ದ ಎಣ್ಣೆಯಲ್ಲೇ ಮಾಡಿದ ಬಜ್ಜಿ ಜೊತೆ! ಇಂಥದ್ದನ್ನು ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಾಲ್ಕೈದು ಮನೆಯಲ್ಲಿ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ವಿಷಯ ಏನು ಅಂತ ಚುಟುಕಾಗಿ ನೋಡೋಣ. ವಾಹನದ ಹೊಗೆ, ಸಿಗರೇಟು, ಸುಟ್ಟ ಎಣ್ಣೆ ಇವೆಲ್ಲ ಮೈಯೊಳಗೆ ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳನ್ನು ಜಾಸ್ತಿ ಮಾಡುತ್ತವೆ. ಅವಕ್ಕೆ ಒಂದು ಎಲೆಕ್ಟ್ರಾನ್ ಕೊರತೆ, ಹಾಗಾಗಿ ಪಕ್ಕದಲ್ಲಿ ಸಿಕ್ಕಿದ್ದರಿಂದ ಕಿತ್ತುಕೊಳ್ಳುತ್ತವೆ. ಆ್ಯಂಟಿಆಕ್ಸಿಡೆಂಟ್ ತನ್ನದನ್ನೇ ಕೊಟ್ಟು ಜಗಳ ಬಿಡಿಸುತ್ತದೆ. ಹೃದಯಕ್ಕೆ ಇದರ ಏಟು ಯಾಕೆ ಜಾಸ್ತಿ ಅಂದರೆ, ಅದು ಒಂದು ಕ್ಷಣವೂ ಕೂರುವುದಿಲ್ಲ, ಆಮ್ಲಜನಕ ಸಿಕ್ಕಾಪಟ್ಟೆ ಬಳಸುತ್ತದೆ, ಆದರೆ ಈ ಪುಂಡರನ್ನು ಅಡಗಿಸುವ ಕಿಣ್ವಗಳು ಲಿವರ್‌ನಲ್ಲಿ ಇರುವಷ್ಟು ಅದರಲ್ಲಿಲ್ಲ.

ಡಾಕ್ಸೊರುಬಿಸಿನ್ ಅಂತ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಔಷಧ ಇದೆ. ಗೆಡ್ಡೆಯನ್ನು ಚೆನ್ನಾಗಿ ಕೊಲ್ಲುತ್ತದೆ, ಆದರೆ ಹೃದಯದ ಸ್ನಾಯುವಿಗೂ ಪೆಟ್ಟು ಕೊಡುತ್ತದೆ. ಅದಕ್ಕೇ ಒಬ್ಬರಿಗೆ ಜೀವಮಾನದಲ್ಲಿ ಒಟ್ಟು ಎಷ್ಟು ಕೊಡಬಹುದು ಅನ್ನುವುದಕ್ಕೆ ಮಿತಿ ಇದೆ. ಆ ಪೆಟ್ಟು ತಗ್ಗಿಸಲು ಡೆಕ್ಸ್‌ರಝೋಕ್ಸೇನ್ ಎಂಬ ಇನ್ನೊಂದು ಔಷಧ ಇದೆ, ಅಮೆರಿಕದಲ್ಲಿ ಅದಕ್ಕೆ 1995ರಲ್ಲಿ ಅನುಮತಿ ಸಿಕ್ಕಿತು. ಅದು ಮಾಡುವ ಕೆಲಸಗಳಲ್ಲಿ ಒಂದು, ಫ್ರೀ ರ‍್ಯಾಡಿಕಲ್ ಹುಟ್ಟಲು ನೆರವಾಗುವ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದು. ಅಂದರೆ ವಿಷದಿಂದ ಹೃದಯವನ್ನು ಕಾಯುವುದು ಬರೀ ಜಾಹೀರಾತಿನ ಮಾತಲ್ಲ. ಆದರೆ ಅದು ಆಸ್ಪತ್ರೆಯ ಕೆಲಸ. ಕೀಮೋ ನಡೆಯುತ್ತಿರುವ ಯಾರಾದರೂ ಮನೆಯಲ್ಲಿದ್ದರೆ, ಡಾಕ್ಟರನ್ನು ಕೇಳದೆ ಒಂದು ಆ್ಯಂಟಿಆಕ್ಸಿಡೆಂಟ್ ಮಾತ್ರೆಯನ್ನೂ ಕೊಡಬೇಡಿ, ಔಷಧದ ಕೆಲಸಕ್ಕೇ ಅಡ್ಡ ಬರಬಹುದು. ಮಿಕ್ಕವರು ಅಡುಗೆಮನೆಯಲ್ಲಿ ಮಾಡಬಹುದಾದ್ದನ್ನು ಕೆಳಗೆ ಬರೆದಿದ್ದೇನೆ.

ಹಂತ 1: ಬರುವ ವಿಷ ಕಡಿಮೆ ಮಾಡಿ

ಸಿಗರೇಟು ಬಿಡಿ. ಬೈಕ್‌ನವರು ಎನ್95 ಮಾಸ್ಕ್ ಹಾಕಿ, ಕರ್ಚೀಫ್ ಕಟ್ಟಿದರೆ ಹೊಗೆಯ ಸಣ್ಣ ಕಣ ನಿಲ್ಲುವುದಿಲ್ಲ. ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವುದು ಬಿಟ್ಟು ಪರದೆ ಕಟ್ಟಿ. ಸೊಪ್ಪು ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಅದಕ್ಕೆ ಅಂತ ಮಾರುವ ಬಣ್ಣದ ದ್ರಾವಣದ ಬಾಟಲಿ ದುಡ್ಡು ದಂಡ.

ಹಂತ 2: ಕರಿದ ಎಣ್ಣೆ

ಎಣ್ಣೆ ಮತ್ತೆ ಮತ್ತೆ ಕಾದಾಗ ಒಡೆದು ಅಕ್ರೋಲಿನ್‌ನಂಥ, ಆಲ್ಡಿಹೈಡ್ ಎಂಬ ವಿಷದ ರಾಸಾಯನಿಕಗಳು ಹುಟ್ಟುತ್ತವೆ. ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದೇ. ಹೋಟೆಲ್‌ಗಳ ಕರಿಯುವ ಎಣ್ಣೆಗೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಮಿತಿ ಹಾಕಿದೆ: ಒಡೆದ ಅಂಶ 25 ಶೇಕಡಾ ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವ ಮೀಟರ್ ಎಲ್ಲಿರುತ್ತೆ? ಬಣ್ಣ ಕಪ್ಪಾಗಿದ್ದರೆ, ಬೆರಳಿಗೆ ಅಂಟಂಟು ಅನಿಸಿದರೆ, ನೊರೆ ಇಳಿಯದಿದ್ದರೆ, ಸ್ವಲ್ಪ ಕಾಯುತ್ತಲೇ ಹೊಗೆ ಎದ್ದರೆ ಅದರ ಕತೆ ಮುಗಿಯಿತು. ಹಳೆಯದರ ಮೇಲೆ ಹೊಸ ಎಣ್ಣೆ ಸುರಿದು ಸರಿ ಮಾಡುತ್ತೇನೆ ಅನ್ನುವವರು ಹೊಸದನ್ನೂ ಕೆಡಿಸುತ್ತಾರೆ ಅಷ್ಟೇ. ನನ್ನನ್ನು ಕೇಳಿದರೆ, ಚಿಕ್ಕ ಬಾಂಡಲಿ ಇಟ್ಟು, ಎಣ್ಣೆ ಕಡಿಮೆ ಹಾಕಿ, ಎರಡೆರಡೇ ಬಜ್ಜಿ ಬಿಡಿ. ಹೊತ್ತು ಹಿಡಿಯುತ್ತೆ, ಹಿಡಿಯಲಿ.

ಹಂತ 3: ನೆಲ್ಲಿಕಾಯಿ (ಎಲ್ಲರೂ ಕೆಡಿಸುವುದು ಇಲ್ಲೇ)

ಬೆಟ್ಟದ ನೆಲ್ಲಿಕಾಯಿಗೆ ಈಗ ಸುಗ್ಗಿ. ಉತ್ಥಾನ ದ್ವಾದಶಿಗೆ ತುಳಸಿ ಕಟ್ಟೆಗೆ ಸಿಗಿಸಲು ಗಾಂಧಿ ಬಜಾರಿನಲ್ಲಿ ನೆಲ್ಲಿ ಕೊಂಬೆ ಮಾರುತ್ತಾರಲ್ಲ, ಅಲ್ಲಿಂದ ಹಿಡಿದು ಎರಡು ಮೂರು ತಿಂಗಳು ಒಳ್ಳೆಯ ಕಾಯಿ ಬರುತ್ತದೆ. ಅದರಲ್ಲಿರುವ ವಿಟಮಿನ್ ಸಿ ಒಂದು ಆ್ಯಂಟಿಆಕ್ಸಿಡೆಂಟ್. ಹಳೆಯ ಪಟ್ಟಿಗಳಲ್ಲಿ 100 ಗ್ರಾಂ ನೆಲ್ಲಿಗೆ 600 ಮಿಲಿಗ್ರಾಂ ವಿಟಮಿನ್ ಸಿ ಅಂತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಇಳಿದರೂ ಚಿಂತೆಯಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಒಂದು ದಪ್ಪ ಕಾಯಿ ಹೆಚ್ಚುಕಡಿಮೆ ಅಷ್ಟನ್ನು ಕೊಡುತ್ತದೆ.

ಆದರೆ ವಿಟಮಿನ್ ಸಿ ಬಲು ಸೂಕ್ಷ್ಮ. ಬಿಸಿಗೆ ಹಾಳಾಗುತ್ತೆ, ಗಾಳಿಗೆ ಹಾಳಾಗುತ್ತೆ, ಬೇಯಿಸಿದ ನೀರಿಗೆ ಇಳಿದುಹೋಗುತ್ತೆ. ನಮ್ಮ ಜನ ಮಾಡುವುದೇನು? ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ, ನೀರು ಬಸಿದು, ಉಳಿದದ್ದನ್ನು ಸಕ್ಕರೆ ಪಾಕದಲ್ಲಿ ಅದ್ದಿ, 'ನೆಲ್ಲಿಕಾಯಿ ತಿಂದೆ' ಅನ್ನುತ್ತಾರೆ! ಒಗರು ಕೊಡುವ ಟ್ಯಾನಿನ್ ಒಂದಷ್ಟು ಉಳಿಯಬಹುದು, ಸಕ್ಕರೆಯಂತೂ ಪೂರ್ತಿ ಉಳಿಯುತ್ತೆ.

ಇನ್ನೊಂದು ಹುಚ್ಚು ತಾಮ್ರದ್ದು. ರಾತ್ರಿ ತಾಮ್ರದ ಬಾಟಲಿಗೆ ನೀರು ತುಂಬಿ, ಒಳಗೆ ನೆಲ್ಲಿಕಾಯಿ ಚೂರು, ನಿಂಬೆ ಹೋಳು ಹಾಕಿಟ್ಟು ಬೆಳಗ್ಗೆ ಪಾರ್ಕಿಗೆ ಒಯ್ಯುವವರನ್ನು ನೋಡಿದರೆ ನನಗೆ ಕೈ ಹಿಸುಕಿಕೊಳ್ಳುವ ಹಾಗಾಗುತ್ತೆ. ಹುಳಿಗೆ ತಾಮ್ರ ಕರಗುತ್ತದೆ, ಕರಗಿದ ತಾಮ್ರ ವಿಟಮಿನ್ ಸಿಯನ್ನು ಬೇಗ ಬೇಗ ಮುಗಿಸುತ್ತದೆ. ಆಮೇಲೆ ಹೊಟ್ಟೆ ತೊಳಸಿದರೆ ನೆಲ್ಲಿಕಾಯಿಯನ್ನು ಬೈಯಬೇಡಿ. ಕಬ್ಬಿಣದ ಈಳಿಗೆಮಣೆಯೂ ಬೇಡ, ಟ್ಯಾನಿನ್ ಕಬ್ಬಿಣಕ್ಕೆ ತಾಗಿ ಹೋಳೆಲ್ಲ ಮಸಿಯಂತೆ ಕಪ್ಪಾಗುತ್ತದೆ. ಸ್ಟೀಲ್ ಚಾಕು ಸಾಕು.

ನಾನು ಮಾಡುವುದು ತಂಬುಳಿ. ನಾಲ್ಕು ಜನಕ್ಕೆ ನಾಲ್ಕು ದಪ್ಪ ಕಾಯಿ, ಅರ್ಧ ಬಟ್ಟಲು ತೆಂಗಿನತುರಿ, ಒಂದು ಚಮಚ ಜೀರಿಗೆ, ಆರೇಳು ಕಾಳುಮೆಣಸು, ಎರಡು ಲೋಟ ಮಜ್ಜಿಗೆ, ಉಪ್ಪು. ಮೊದಲು ತುರಿ, ಜೀರಿಗೆ, ಮೆಣಸಿಗೆ ಸ್ವಲ್ಪ ಮಜ್ಜಿಗೆ ಹಾಕಿ ನುಣ್ಣಗೆ ರುಬ್ಬಿಕೊಳ್ಳಿ. ಕಾಯಿಯನ್ನು ಆಗ ಹೆಚ್ಚಿ, ಬೆಳಗ್ಗೆಯೇ ಹೆಚ್ಚಿಡಬೇಡಿ. ಗೆರೆಯ ಗುಂಟ ಚಾಕು ಒತ್ತಿದರೆ ಹೋಳು ತಾನೇ ಬಿಟ್ಟುಕೊಳ್ಳುತ್ತದೆ, ಬೀಜ ತೆಗೆದುಬಿಡಿ. ಹೋಳು ಜಾರಿಗೆ ಬೀಳಬೇಕಾದ್ದು ಕೊನೆಯಲ್ಲಿ, ಅದೂ ನಿಲ್ಲಿಸಿ ನಿಲ್ಲಿಸಿ ನಾಲ್ಕು ಸುತ್ತು ಅಷ್ಟೇ. ಐದು ನಿಮಿಷ ಬಿಡದೆ ತಿರುಗಿಸಿದರೆ ಜಾರ್ ಬೆಚ್ಚಗಾಗುತ್ತದೆ, ಗಾಳಿಯೂ ಸೇರುತ್ತದೆ. ಸ್ವಲ್ಪ ತರಿ ಇದ್ದರೆ ಬಾಯಿಗೂ ಚೆನ್ನ. ಉಳಿದ ಮಜ್ಜಿಗೆ, ಉಪ್ಪು ಬೆರೆಸಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಮಾಡಿ, ಚುಂಯ್ ಅನ್ನುವಾಗಲೇ ಸುರಿಯದೆ ಎರಡು ನಿಮಿಷ ಆರಲು ಬಿಟ್ಟು ಹಾಕಿ. ಇಷ್ಟೆಲ್ಲ ಮಾಡಿ, ಚಳಿ ಅಂತ ಒಲೆ ಮೇಲಿಟ್ಟು ಬಿಸಿ ಮಾಡಿದಿರೋ, ಮುಗಿಯಿತು. ಅನ್ನ ಬಿಸಿ ಇರಲಿ, ತಂಬುಳಿ ತಣ್ಣಗಿರಲಿ. ಒಗರು ಆಗದವರು ಒಂದು ಚೂರು ಬೆಲ್ಲ ಹಾಕಿಕೊಳ್ಳಿ.

ಬಾಟಲಿ ನೆಲ್ಲಿ ಜ್ಯೂಸ್ ಆಗುತ್ತಾ ಅಂತ ಕೇಳುತ್ತಾರೆ. ಹಿಂದಿನ ಚೀಟಿ ಓದಿ. ಕೆಡದಿರಲಿ ಅಂತ ಹಾಕುವ ಸೋಡಿಯಂ ಬೆಂಜೋಯೇಟ್ ಇದ್ದರೆ ನಾನು ತರುವುದಿಲ್ಲ. ಅದೂ ವಿಟಮಿನ್ ಸಿಯೂ ಒಂದೇ ಬಾಟಲಿಯಲ್ಲಿದ್ದು ಬಿಸಿಲು, ಶಾಖ ತಾಗಿದರೆ ಕ್ಯಾನ್ಸರ್ ತರಬಲ್ಲ ಬೆಂಜೀನ್ ಅಲ್ಪಸ್ವಲ್ಪ ಹುಟ್ಟಬಹುದು. ವಿಷ ಕಳೆಯಲು ತಂದ ಬಾಟಲಿಯಲ್ಲೇ ವಿಷ, ಹೇಗಿದೆ?

ಹಂತ 4: ಅರಿಶಿನಕ್ಕೆ ಮೆಣಸು

ಅರಿಶಿನದಲ್ಲಿರುವ ಆ್ಯಂಟಿಆಕ್ಸಿಡೆಂಟ್ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಸೇರುವುದು ಸುಮಾರು 20 ಪಟ್ಟು ಹೆಚ್ಚುತ್ತದೆ ಅಂತ 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು. ಆದರೆ ಅಲ್ಲಿ ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್. ಅಷ್ಟು ಬರಬೇಕಾದರೆ ಸಾರಿಗೆ ಹಿಡಿಗಟ್ಟಲೆ ಅರಿಶಿನ ಹಾಕಬೇಕು. ಹಾಗಾಗಿ ಸಾರಿಗೆ ಚಿಟಿಕೆ ಅರಿಶಿನ, ನಾಲ್ಕು ಮೆಣಸು ಹಾಕಿ, ಪವಾಡ ಕಾಯಬೇಡಿ. ಪೈಪರಿನ್ ಕೆಲವು ಔಷಧಗಳನ್ನೂ ರಕ್ತಕ್ಕೆ ಜಾಸ್ತಿ ಸೇರಿಸುತ್ತದೆ, ಅದರ ಮಾತ್ರೆ ನುಂಗುವ ಮುಂಚೆ ಡಾಕ್ಟರಿಗೆ ಹೇಳಿ.

ಹಂತ 5: ಕ್ಯಾಪ್ಸೂಲ್ ಡಬ್ಬಿ

ವಾಪಸ್ ಕೊಡಿ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ಕ್ಯಾರೆಟ್‌ನಲ್ಲಿರುವ ಆ್ಯಂಟಿಆಕ್ಸಿಡೆಂಟ್ ಬೀಟಾ ಕ್ಯಾರೊಟಿನ್‌ನ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಜಾಸ್ತಿ! 2000ರಲ್ಲಿ ಹೋಪ್ ಎಂಬ ಪ್ರಯೋಗದಲ್ಲಿ ಹೃದಯದ ಅಪಾಯ ಇದ್ದವರಿಗೆ ವರ್ಷಗಟ್ಟಲೆ ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಕೊಟ್ಟು ನೋಡಿದರು, ಹಾರ್ಟ್ ಅಟ್ಯಾಕ್ ಕಡಿಮೆಯಾಗಲಿಲ್ಲ. ಕ್ಯಾರೆಟ್ ತಿನ್ನುವುದೇ ಬೇರೆ, ಅದರ ಒಂದಂಶವನ್ನು ಮಾತ್ರ ಹಿಂಡಿ ತೆಗೆದು ರಾಶಿ ನುಂಗುವುದೇ ಬೇರೆ. ಭಾವನಿಗೆ ಇದನ್ನೇ ಹೇಳಿದೆ. ಡಬ್ಬಿ ಒಡೆದಾಗಿದೆ, ವಾಪಸ್ ತಗೊಳ್ಳಲ್ಲ ಅಂದರು.

ನೆಲ್ಲಿಕಾಯಿ ಅಗ್ಗವಾದಾಗ ಎರಡು ಕೆಜಿ ತಂದು, ತುರಿದು, ಕವರಿನಲ್ಲಿ ಚಪ್ಪಟೆಯಾಗಿ ಹರಡಿ ಫ್ರೀಜರಿನಲ್ಲಿಡಿ. ಬೇಕಾದಾಗ ಅಷ್ಟೇ ಮುರಿದುಕೊಂಡರೆ ಆಯಿತು. ಮಾಡಿದ ತಂಬುಳಿಯನ್ನು ಅವತ್ತೇ ಮುಗಿಸಿ. ಉಂಡಾದ ಮೇಲೆ ಒಂದು ಲೋಟ ನೀರು ಕುಡಿಯಿರಿ, ಸಿಹಿಯಾಗಿರುತ್ತದೆ. ಬರೀ ನೀರು ತಾನೇ, ತಾಮ್ರದ ಲೋಟವಾದರೂ ಪರವಾಗಿಲ್ಲ.